ಅಕ್ಕನ ಸ್ಕ್ಯಾನ್ ವರದಿ

ಗ್ಲಾಸ್ಗೋ, ಭಾನುವಾರ ರಾತ್ರಿ

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಪುಟ್ಟಿಯ ಕೆಮ್ಮು ವಾಸಿಯಾಗಿದೆ.

ನೀನು ಪತ್ರದೊಳಗಿಟ್ಟಿದ್ದ ಅಕ್ಕನ ಸ್ಕ್ಯಾನ್ ವರದಿಯನ್ನು ಮೂರು ಸಲ ಓದಿದೆ. ಅಮ್ಮ, ಅದರಲ್ಲಿರುವುದು ಫೈಬ್ರಾಯ್ಡ್. ಗರ್ಭಕೋಶದ ಸ್ನಾಯುವೇ ಒಂದು ಕಡೆ ಉಂಡೆಗಟ್ಟಿ ಬೆಳೆದಿದೆ, ಅಷ್ಟೇ. ಗಡ್ಡೆ ಎಂದ ಕೂಡಲೇ ಕ್ಯಾನ್ಸರ್ ಎಂದು ದೊಡ್ಡಮ್ಮ ಅಳುವುದು ಬೇಡ. ಇಂಥವು ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ. ಪರದೆಯ ಮೇಲೆ ದುಂಡಗೆ, ಕಪ್ಪಗೆ, ಹಿಂದೆ ನೆರಳು ಚೆಲ್ಲಿಕೊಂಡು ಕೂತಿರುವ ಇವನ್ನು ನಾನು ವಾರವಿಡೀ ನೋಡುತ್ತಿರುತ್ತೇನೆ.

ಅಲ್ಲಿನ ಡಾಕ್ಟರು ಗರ್ಭಕೋಶವನ್ನೇ ತೆಗೆಸಿ ಎಂದರಂತೆ. ಅವಸರ ಮಾಡಬೇಡಿ. 4 ಸೆಂಟಿಮೀಟರ್ ಎಂಬ ಅಳತೆಗಿಂತ ಅದು ಎಲ್ಲಿದೆ ಎಂಬುದು ಮುಖ್ಯ. ಒಳಪದರದತ್ತ ಚಾಚಿದ್ದರೆ ಚಿಕ್ಕದೂ ವಿಪರೀತ ರಕ್ತಸ್ರಾವ ಮಾಡುತ್ತದೆ, ಹೊರಮೈಯಲ್ಲಿದ್ದರೆ ದೊಡ್ಡದೂ ಸುಮ್ಮನಿರಬಹುದು. ಈ ವರದಿಯಲ್ಲಿ ಆ ಮಾತೇ ಇಲ್ಲ! ಹೊಟ್ಟೆಯ ಮೇಲಿಂದಷ್ಟೇ ನೋಡಿದ್ದಾರೆ. ಅಕ್ಕ ಶಿವಮೊಗ್ಗಕ್ಕೆ ಹೋಗಿ ಯೋನಿಯ ಮೂಲಕ ಒಳಗಿನಿಂದ ಮಾಡುವ ಸ್ಕ್ಯಾನ್ ಮಾಡಿಸಲಿ. ಅದಕ್ಕೆ ನೀರು ಕುಡಿದು ಮೂತ್ರ ತಡೆದುಕೊಂಡು ಕೂರಬೇಕಿಲ್ಲ. ಸಂಕೋಚಪಡಬೇಡ ಎಂದು ನೀನೇ ಹೇಳು, ನನ್ನ ಮಾತನ್ನು ಕೇಳುವವಳಲ್ಲ. ಅವಳಿಗೆ 46, ಮುಟ್ಟು ನಿಂತ ಮೇಲೆ ಇವು ಸಾಮಾನ್ಯವಾಗಿ ತಾವೇ ಕುಗ್ಗುತ್ತವೆ. ಆದರೆ ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆಯಲ್ಲ, ಅದು ಕಾಯುವ ವಿಷಯವಲ್ಲ. ಕಬ್ಬಿಣದ ಮಾತ್ರೆಯ ಬಗ್ಗೆ ನಾಳೆಯೇ ಡಾಕ್ಟರನ್ನು ಕೇಳಲಿ.

ಇಲ್ಲಿ ಡಾಕ್ಟರಲ್ಲದ ನನ್ನಂಥವರೇ ಸ್ಕ್ಯಾನ್ ಮಾಡಿ ವರದಿ ಬರೆಯುತ್ತೇವೆ. ಭಾವನಿಗೆ ಇದು ಸರಿಕಾಣುವುದಿಲ್ಲ ಎಂದು ಗೊತ್ತು. ಹೆಂಗಸರ ಹೊಟ್ಟೆಯ ಸ್ಕ್ಯಾನ್ ಮೊಳಕೆಯೊಡೆದದ್ದೇ ಈ ಊರಿನಲ್ಲಿ ಎಂದು ಅವರಿಗೆ ಹೇಳು. 1955ರಲ್ಲಿ ಪ್ರಸೂತಿ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್, ಆಪರೇಷನ್‌ನಲ್ಲಿ ತೆಗೆದ ಫೈಬ್ರಾಯ್ಡ್‌ಗಳನ್ನೂ ಅಂಡಾಶಯದ ನೀರುಗಡ್ಡೆಯನ್ನೂ ಕಾರಿನಲ್ಲಿ ಹೇರಿಕೊಂಡು ಪಕ್ಕದ ರೆನ್‌ಫ್ರೂ ಊರಿನ ಬಾಯ್ಲರ್ ಕಾರ್ಖಾನೆಗೆ ಹೋದರು. ಶಬ್ದದ ಅಲೆ ಕಳುಹಿಸಿ ಲೋಹದ ಬಿರುಕು ಹುಡುಕುವ ಯಂತ್ರವನ್ನು ಅವುಗಳಿಗೆ ಹಿಡಿದರೆ, ಗಟ್ಟಿ ಗಡ್ಡೆಯ ಪ್ರತಿಧ್ವನಿಯೇ ಬೇರೆ, ನೀರು ತುಂಬಿದ್ದರ ಪ್ರತಿಧ್ವನಿಯೇ ಬೇರೆ! ಅಕ್ಕನ ಗಡ್ಡೆ ಗಟ್ಟಿಯದು, ನೀರಿನದಲ್ಲ ಎಂದು ಇವತ್ತು ಕೊಯ್ಯದೆ ತಿಳಿದದ್ದು ಅದೇ ದಾರಿಯಿಂದ.

ಹಣದ ಯೋಚನೆ ಬೇಡ, ನಾಳೆಯೇ ಕಳುಹಿಸುತ್ತೇನೆ. ಹೆದರಬೇಡ ಅಮ್ಮ, ಹೆದರುವಂಥದ್ದು ಏನೂ ಇಲ್ಲ, ಖಂಡಿತ ಇಲ್ಲ. ಹೊಸ ವರದಿ ಬಂದ ತಕ್ಷಣ ಫೋಟೋ ತೆಗೆದು ಕಳುಹಿಸಿ, ನಡುರಾತ್ರಿಯಾದರೂ ಸರಿ. ಬೆಳಗಿನ ಪಾಳಿ ಇದೆ, ನಿಲ್ಲಿಸುತ್ತೇನೆ. ಅಪ್ಪನಿಗೆ ನಮಸ್ಕಾರ.

ಇಂತಿ ನಿನ್ನ ಮಗಳು