ತೂತು ಕಂಡೆನ್ಸರ್‌ಗೆ ಗ್ಯಾಸ್ ತುಂಬಿಸುತ್ತಾ ಕೂರಬೇಡಿ

ಮಾನ್ಯ ಸಂಪಾದಕರೇ,

ಮಾರ್ಚ್ ಬಂತೆಂದರೆ ಕರಾವಳಿಯ ಕಾರು ಎ.ಸಿ. ಅಂಗಡಿಗಳ ಮುಂದೆ ಹತ್ತು ಹದಿನೈದು ವರ್ಷ ಓಡಿದ ಕಾರುಗಳು ಸಾಲುಗಟ್ಟುತ್ತವೆ. ಎಲ್ಲರ ಮಾತೂ ಒಂದೇ: ‘ಕೂಲಿಂಗ್ ಬರ್ತಿಲ್ಲ, ಸ್ವಲ್ಪ ಗ್ಯಾಸ್ ಹಾಕಿ ಕೊಡಿ.’ ಅಂಗಡಿಯವರು ಹಾಕಿ ಕೊಡುತ್ತಾರೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಕಾರು, ಅದೇ ಮಾತು. ಎ.ಸಿ. ಗ್ಯಾಸ್ ಪೆಟ್ರೋಲಿನಂತೆ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಸುತ್ತುತ್ತಲೇ ಇರುತ್ತದೆ. ರಬ್ಬರ್ ಪೈಪು, ಸೀಲುಗಳ ಮೂಲಕ ವರ್ಷಗಟ್ಟಲೆ ತುಸು ಜಿನುಗುವುದು ಸಹಜ. ಆದರೆ ಒಂದೇ ಬೇಸಿಗೆಯಲ್ಲಿ ಖಾಲಿಯಾದರೆ ಎಲ್ಲೋ ತೂತು ಇದೆ ಎಂದೇ ಅರ್ಥ. ಹಳೆಯ ಕಾರುಗಳಲ್ಲಿ ಆ ತೂತು ಬಹಳ ಸಲ ಕಂಡೆನ್ಸರ್‌ನಲ್ಲಿ, ಅಂದರೆ ಬಿಸಿ ಗ್ಯಾಸನ್ನು ತಣಿಸಿ ದ್ರವವಾಗಿಸುವ ಜಾಲರಿಯಲ್ಲಿ ಇರುತ್ತದೆ.

ಕಂಡೆನ್ಸರ್ ಇರುವುದು ಗ್ರಿಲ್‌ನ ಹಿಂದೆ, ರೇಡಿಯೇಟರ್‌ನ ಮುಂದೆ. ಹೆದ್ದಾರಿಯಲ್ಲಿ ಹಾರಿ ಬರುವ ಜಲ್ಲಿ ಮೊದಲು ಬಡಿಯುವುದು ಅದಕ್ಕೇ. ತಲಪಾಡಿಯಿಂದ ಕಾರವಾರದವರೆಗೆ ಸಮುದ್ರದ ಬದಿಯಲ್ಲೇ ಸಾಗುವ 66ನೇ ಹೆದ್ದಾರಿಯಲ್ಲಿ ದಿನವೂ ಓಡುವ ಕಾರಿಗೆ ಉಪ್ಪುಗಾಳಿಯ ಕಾಟ ಬೇರೆ. ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಉಪ್ಪು, ಕೆಸರು, ತರಗೆಲೆ ಸೇರಿ ಮಳೆಗಾಲವಿಡೀ ಒದ್ದೆಯಾಗಿ ಕೂತರೆ ಕೆಳಗಿನ ಸಾಲುಗಳು ಮೊದಲು ಬಿಳಿ ಪುಡಿಯಾಗುತ್ತವೆ, ಆಮೇಲೆ ಸೋರುತ್ತವೆ. ಬೇಸಿಗೆಯಲ್ಲಿ ಉಪ್ಪು ಬೆರೆತ ಬಾವಿನೀರಲ್ಲಿ ಕಾರು ತೊಳೆಯುವವರು ಇದನ್ನು ಗಮನಿಸಬೇಕು.

ಹಾಗೆಂದು ನೋಡದೆ, ಪರೀಕ್ಷಿಸದೆ ಕಂಡೆನ್ಸರ್ ಕೊಳ್ಳುವುದೂ ತಪ್ಪು. ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್‌ನ ಆಯಿಲ್ ಕೂಡ ಗ್ಯಾಸಿನ ಜೊತೆ ಸುತ್ತುವುದರಿಂದ ಸೋರುವ ಜಾಗದಲ್ಲಿ ಎಣ್ಣೆ ಹೊರಬಂದು ಅದರ ಮೇಲೆ ಧೂಳು ಹಿಡಿದಿರುತ್ತದೆ. ಬಂಪರ್ ಬಿಚ್ಚಿ ಟಾರ್ಚ್ ಹಾಕಿ ನೋಡಿ. ಕೆಳಗಿನ ಮೂಲೆಯಲ್ಲೋ, ಅಡ್ಡ ಕೊಳವೆ ಪಕ್ಕದ ಉದ್ದ ಕೊಳವೆಗೆ ಸೇರುವ ಕಡೆಯೋ ಐದು ರೂಪಾಯಿ ನಾಣ್ಯದಷ್ಟು ಅಗಲದ ಕಪ್ಪು ಜಿಡ್ಡು ಕಂಡರೆ ಅಲ್ಲಿ ಸೋಪುನೀರು ಹಚ್ಚಿ ಸುಮ್ಮನೆ ಕಾಯಿರಿ. ದೊಡ್ಡ ತೂತಾದರೆ ನೊರೆ ತಕ್ಷಣ ಏಳುತ್ತದೆ. ಸಣ್ಣದಾದರೆ ಸಾಸಿವೆಯಷ್ಟು ಗುಳ್ಳೆ ಎದ್ದು, ಅರ್ಧ ನಿಮಿಷದಲ್ಲಿ ಮೆಣಸಿನಕಾಳಿನಷ್ಟಾಗಿ ಒಡೆದು, ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಆತುರದವರ ಕಣ್ಣಿಗೆ ಅದು ಬೀಳುವುದಿಲ್ಲ.

ಗ್ಯಾಸ್ ತುಂಬುವ ವಾಲ್ವಿನ ಮೇಲೂ ಒಂದು ಹನಿ ಸೋಪುನೀರು ಬಿಡಬೇಕು. ಕೆಲವು ರೂಪಾಯಿಯ ವಾಲ್ವ್ ಪಿನ್ ಸೋರುತ್ತಿದ್ದಾಗ ಇಡೀ ಕಂಡೆನ್ಸರ್ ಬದಲಾಯಿಸಿದರೆ ಗಿರಾಕಿಯ ದುಡ್ಡು ನೀರುಪಾಲು. ಕಂಪ್ರೆಸರ್‌ನ ಕ್ಲಚ್ ಸುತ್ತ ಎಣ್ಣೆ ಸಿಡಿದಿದ್ದರೆ ಅದು ಶಾಫ್ಟ್ ಸೀಲಿನ ಲೀಕ್. ಎಲ್ಲೂ ಜಿಡ್ಡು ಕಾಣದಿದ್ದರೆ ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್ ಮೇಲೆ ಅನುಮಾನ ಪಡಬೇಕು. ಟ್ರಾಫಿಕ್‌ನಲ್ಲಿ ನಿಂತಾಗ ಬಿಸಿಗಾಳಿ, ಓಡುವಾಗ ತಂಪು ಎನ್ನುವ ಕಾರಿನಲ್ಲಿ ಮೊದಲು ಕಂಡೆನ್ಸರ್ ಫ್ಯಾನ್, ಅದರ ರಿಲೇ, ಫ್ಯೂಸ್ ನೋಡಿ. ಅಲ್ಲಿ ಗ್ಯಾಸ್ ಸರಿಯಾಗಿಯೇ ಇದ್ದಿರಬಹುದು.

ಇನ್ನೊಂದು ತಪ್ಪು ತಿಳಿವಳಿಕೆ ಒತ್ತಡ ತೋರಿಸುವ ಗೇಜಿನದು. ಎಂಜಿನ್ ಆಫ್ ಇರುವಾಗ ಗೇಜ್ ಹಾಕಿ, ‘ತೊಂಬತ್ತು ಚಿಲ್ಲರೆ ತೋರಿಸ್ತಿದೆ, ಗ್ಯಾಸ್ ಫುಲ್ ಇದೆ’ ಎನ್ನುವುದುಂಟು. 30 ಡಿಗ್ರಿ ಬಿಸಿಯಲ್ಲಿ, ಈ ಹಳೆಯ ಕಾರುಗಳ ಎ.ಸಿ.ಯಲ್ಲಿರುವ ಆರ್-134ಎ ಗ್ಯಾಸಿನ ಒತ್ತಡ 97 ಪಿಎಸ್‌ಐ ಆಸುಪಾಸು. ಒಳಗೆ ಒಂದಿಷ್ಟು ದ್ರವ ಉಳಿದಿದ್ದರೆ ಸಾಕು, 450 ಗ್ರಾಂ ಇದ್ದರೂ 200 ಗ್ರಾಂ ಇದ್ದರೂ ಮುಳ್ಳು ಅಲ್ಲೇ ನಿಲ್ಲುತ್ತದೆ. ಎಷ್ಟಿದೆ ಎಂದು ಹೇಳಬಲ್ಲದ್ದು ತಕ್ಕಡಿ ಮಾತ್ರ.

ಲೀಕ್ ಖಚಿತವಾದ ಮೇಲೆ, ಉಳಿದ ಗ್ಯಾಸನ್ನು ಮೆಷಿನ್ನಿನಿಂದ ಸಿಲಿಂಡರ್‌ಗೆ ಎಳೆದುಕೊಳ್ಳಬೇಕು. ಪಿನ್ ಒತ್ತಿ ‘ಸುಯ್’ ಎಂದು ಗಾಳಿಗೆ ಬಿಡುವುದು ಎಷ್ಟೋ ಕಡೆ ರೂಢಿಯಾಗಿಬಿಟ್ಟಿದೆ. ದ್ರವ ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟುತ್ತದೆ, ಬೆಂಕಿಗೆ ಸಿಕ್ಕಿದರೆ ವಿಷದ ಹೊಗೆಯಾಗುತ್ತದೆ. ಕನ್ನಡಕ, ಕೈಗವಸು ಹಾಕಿಕೊಳ್ಳಿ. ಬೀಡಿ ಸಿಗರೇಟು ಹತ್ತಿರ ಬೇಡವೇ ಬೇಡ.

ಬ್ಯಾಟರಿಯ ನೆಗೆಟಿವ್ ಬಿಚ್ಚಿ ಕೆಲಸ ಶುರು ಮಾಡಬೇಕು. ಕೈ ಸೋಲುವ ಜಾಗ ಪೈಪಿನ ಜೋಡಣೆ. 10 ನಂಬರ್ ಸ್ಪ್ಯಾನರಿನ ಆ ಸಣ್ಣ ಬೋಲ್ಟ್ ಕಬ್ಬಿಣದ್ದು, ಅದು ಕೂತಿರುವ ಬ್ಲಾಕ್ ಅಲ್ಯೂಮಿನಿಯಂ. ಉಪ್ಪುಗಾಳಿಯಲ್ಲಿ ಎರಡೂ ಒಂದಾಗಿ ಕಚ್ಚಿಕೊಂಡಿರುತ್ತವೆ. ಜೋರು ಮಾಡಿದರೆ ಬೋಲ್ಟ್ ಮುರಿದು ಬ್ಲಾಕಿನಲ್ಲೇ ಉಳಿಯುತ್ತದೆ, ಇಲ್ಲವೇ ಪೈಪು ತಿರುಚಿಕೊಂಡು ಅದನ್ನೂ ಬದಲಾಯಿಸುವ ಖರ್ಚು ಬರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಅರ್ಧ ಗಂಟೆ ಬಿಡಿ. ಆಮೇಲೆ ಕಾಲು ಸುತ್ತು ಬಿಚ್ಚಿ, ಅಷ್ಟೇ ವಾಪಸು ತಿರುಗಿಸಿ, ಮತ್ತೆ ಬಿಚ್ಚಿ. ನಟ್ ಜೋಡಣೆಯ ಪೈಪಾದರೆ ಎರಡು ಸ್ಪ್ಯಾನರ್ ಬೇಕು, ಒಂದು ಹಿಡಿಯಲು, ಇನ್ನೊಂದು ತಿರುಗಿಸಲು. ಪೈಪು ಬಿಡಿಸಿದ ಕ್ಷಣವೇ ಎರಡೂ ಬಾಯಿ ಮುಚ್ಚಬೇಕು. ನಮ್ಮ ಕಡೆಯ ಗಾಳಿಯಲ್ಲಿ ನೀರಿನ ಪಸೆ ವಿಪರೀತ, ತೆರೆದಿಟ್ಟಷ್ಟು ಹೊತ್ತೂ ಅದು ಒಳಗೆ ಸೇರುತ್ತಲೇ ಇರುತ್ತದೆ.

ಹಳೆಯ ಕಂಡೆನ್ಸರ್ ತೆಗೆದ ಜಾಗದಲ್ಲಿ ರೇಡಿಯೇಟರ್ ಮುಖ ಕಾಣುತ್ತದೆ. ಎರಡರ ನಡುವೆ ವರ್ಷಗಳ ಕಸ ಕಂಬಳಿಯಂತೆ ಹಾಸಿಕೊಂಡಿರುತ್ತದೆ. ಅದನ್ನು ತೆಗೆಯಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಎಂಜಿನ್ ಕಡೆಯಿಂದ ಹೊರಮುಖವಾಗಿ ಮೆಲ್ಲಗೆ ನೀರು ಬಿಡಿ. ಪ್ರೆಶರ್ ವಾಷರ್ ಹಿಡಿದರೆ ರೆಕ್ಕೆಗಳು ಮಡಚಿ ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ಹಳತು ಹೊಸತನ್ನು ಅಕ್ಕಪಕ್ಕ ಇಟ್ಟು ಅಳತೆ, ಬ್ರಾಕೆಟ್, ಪೈಪಿನ ಬಾಯಿ ತಾಳೆ ನೋಡಿ. ಒಂದೇ ಹೆಸರಿನ ಕಾರಿಗೂ ವರ್ಷ ಬದಲಾದಂತೆ ಕಂಡೆನ್ಸರ್ ಬದಲಾಗಿರುತ್ತದೆ. ಹೊಸದರ ಪ್ಲಾಸ್ಟಿಕ್ ಮುಚ್ಚಳಗಳನ್ನು ಜೋಡಿಸುವ ಗಳಿಗೆಯವರೆಗೂ ತೆಗೆಯಬಾರದು. ಡ್ರೈಯರ್ ಬಾಟಲ್ ಬೇರೆಯಾಗಿದ್ದರೆ ಅದನ್ನೂ ಹೊಸದು ಹಾಕಲೇಬೇಕು, ಅದೂ ಕಟ್ಟಕಡೆಗೆ. ಅದರೊಳಗಿನ ಕಾಳುಗಳ ಕೆಲಸವೇ ನೀರು ಹೀರುವುದು. ಬಾಯಿ ತೆರೆದಿಟ್ಟರೆ ಅಂಗಡಿಯ ಗಾಳಿಯಲ್ಲಿರುವ ನೀರನ್ನೇ ಕುಡಿದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಹಳೆಯ ಡ್ರೈಯರನ್ನೇ ಉಳಿಸಿದರೆ ನೀರು, ದ್ರವವನ್ನು ಸಣ್ಣ ಕಿಂಡಿಯಿಂದ ಕೂಲಿಂಗ್ ಕಾಯಿಲಿಗೆ ಬಿಡುವ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಮಂಜುಗಡ್ಡೆಯಾಗಿ ಕಟ್ಟಿ, ಎ.ಸಿ. ಸ್ವಲ್ಪ ಹೊತ್ತು ತಂಪು ಕೊಟ್ಟು ನಿಂತು ಮತ್ತೆ ಶುರುವಾಗುತ್ತದೆ. ಉಳಿದ ನೀರು ಒಳಗಿನಿಂದ ತುಕ್ಕು ಹಿಡಿಸುತ್ತದೆ.

ಪೈಪಿನ ಜೋಡಣೆಯಲ್ಲಿ ಕೂರುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ವಿಷಯದಲ್ಲಿ ಜಿಪುಣತನ ಬೇಡ. ಹಳೆಯದನ್ನು ಬೆರಳಲ್ಲಿ ಹಿಡಿದು ನೋಡಿದರೆ ಒಂದು ಬದಿ ಚಪ್ಪಟೆಯಾಗಿ, ಬಗ್ಗಿಸಿದರೆ ಬಿರುಕು ಬಿಡುವುದು ಕಾಣುತ್ತದೆ. ಎ.ಸಿ.ಗೆಂದೇ ಬರುವ, ಎಚ್‌ಎನ್‌ಬಿಆರ್ ಎಂಬ ರಬ್ಬರಿನ ರಿಂಗು, ಸಾಮಾನ್ಯವಾಗಿ ಹಸಿರು ಬಣ್ಣದ್ದು, ಸರಿಯಾದ ಅಳತೆಯದನ್ನೇ ಕೊಳ್ಳಿ. ನಲ್ಲಿ ಸಾಮಾನಿನ ಅಂಗಡಿಯ ಕಪ್ಪು ರಿಂಗು ಈ ಆಯಿಲ್, ಈ ಬಿಸಿ ತಾಳುವುದಿಲ್ಲ. ಕಂಪ್ರೆಸರ್ ಆಯಿಲ್ ಸವರಿ ಕೂರಿಸಿ. ಒಣ ರಿಂಗು ಮಡಚಿ ಕತ್ತರಿಸಿಹೋಗುತ್ತದೆ.

ಇನ್ನು ಆಯಿಲ್. ಬಹಳ ಮಂದಿ ಕಡೆಗಣಿಸುವ, ಬಹಳ ಕಂಪ್ರೆಸರ್‌ಗಳನ್ನು ಕೊಲ್ಲುವ ವಿಷಯ ಇದು. ಹಳೆಯ ಕಂಡೆನ್ಸರ್‌ನಲ್ಲಿ ಉಳಿದ ಎಣ್ಣೆಯನ್ನು ಅಳತೆ ಲೋಟಕ್ಕೆ ಬಗ್ಗಿಸಿ ನೋಡಬೇಕು. ಕಾರಿನ ಕೈಪಿಡಿಯಲ್ಲಿ ಕಂಡೆನ್ಸರ್ ಬದಲಾಯಿಸಿದಾಗ ಹಾಕಬೇಕಾದ ಅಳತೆ ಇರುತ್ತದೆ. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 20ರಿಂದ 40 ಮಿ.ಲೀ. ಕಡಿಮೆಯಾದರೆ ಕಂಪ್ರೆಸರ್ ಒಣಗಿ ಹಿಡಿದುಕೊಳ್ಳುತ್ತದೆ. ಹೆಚ್ಚಾದರೆ ಎಣ್ಣೆಯೇ ಕಾಯಿಲಿನ ಒಳಗೋಡೆಗೆ ಅಂಟಿ ತಂಪು ಕಡಿಮೆಯಾಗುತ್ತದೆ. ಕಂಪ್ರೆಸರ್‌ಗೆ ಹಾಕುವ ಪಿಎಜಿ ಎಂಬ ಸಿಂಥೆಟಿಕ್ ಆಯಿಲಿನಲ್ಲಿ ಪಿಎಜಿ-46, ಪಿಎಜಿ-100 ಎಂದು ಬಗೆಗಳಿವೆ, ಕಂಪ್ರೆಸರ್ ಮೇಲಿನ ಚೀಟಿಯಲ್ಲಿ ಬರೆದಿದ್ದನ್ನೇ ಹಾಕಿ. ಪಿಎಜಿ ಆಯಿಲ್ ಗಾಳಿಯ ನೀರನ್ನು ಹೀರುತ್ತದೆ. ಹೋದ ವರ್ಷ ತೆರೆದು ಮೂಲೆಯಲ್ಲಿಟ್ಟ ಡಬ್ಬಿಯನ್ನು ಬಳಸಬೇಡಿ. ತೆಗೆದ ಎಣ್ಣೆ ಕಪ್ಪಾಗಿ, ಲೋಹದ ಪುಡಿ ಮಿನುಗಿದರೆ ಕೆಲಸ ಅಲ್ಲೇ ನಿಲ್ಲಿಸಿ ಮಾಲೀಕರಿಗೆ ತಿಳಿಸಬೇಕು. ಕಂಪ್ರೆಸರ್ ಒಳಗೇ ಸವೆಯುತ್ತಿದೆ, ಬರೀ ಹೊಸ ಕಂಡೆನ್ಸರ್ ಹಾಕಿದರೆ ಅದೂ ಕೆಲವೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ.

ಜೋಡಿಸಿದ ಮೇಲೆ ನೈಟ್ರೋಜನ್ ತುಂಬಿ ಸುಮಾರು 150 ಪಿಎಸ್‌ಐಗೆ ಅರ್ಧ ಗಂಟೆ ನಿಲ್ಲಿಸಿ, ಪ್ರತಿ ಜೋಡಣೆಗೂ ಸೋಪುನೀರು ಹಚ್ಚಿ. ಸಿಲಿಂಡರ್‌ಗೆ ರೆಗ್ಯುಲೇಟರ್ ಇರಲೇಬೇಕು. ಆಕ್ಸಿಜನ್ ಅನ್ನು ಯಾವ ಕಾರಣಕ್ಕೂ ಬಿಡಬಾರದು, ಎಣ್ಣೆಯೊಂದಿಗೆ ಸೇರಿ ಸಿಡಿಯುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯೂ ಬೇಡ, ಅದರಲ್ಲಿ ನೀರಿರುತ್ತದೆ. ಪಂಪಿನಿಂದ ಒಳಗಿನ ಗಾಳಿ ಎಳೆದು ನೋಡಿ, ‘ವ್ಯಾಕ್ಯೂಮ್ ನಿಂತಿತು, ಲೀಕ್ ಇಲ್ಲ’ ಎಂದು ಈ ಹಂತ ಬಿಡುವವರಿದ್ದಾರೆ. ವ್ಯಾಕ್ಯೂಮ್‌ನಲ್ಲಿ ಹೊರಗಿನ ಗಾಳಿ ಒಳಕ್ಕೆ ಒತ್ತುವುದು ಹೆಚ್ಚೆಂದರೆ 15 ಪಿಎಸ್‌ಐನಷ್ಟು. ಓಡುವ ಎ.ಸಿ.ಯಲ್ಲಿ ಕಂಡೆನ್ಸರ್ ತಾಳಬೇಕಾದದ್ದು 200ರ ಮೇಲೆ.

ಅದಾದ ಮೇಲೆ ಕನಿಷ್ಠ 30ರಿಂದ 45 ನಿಮಿಷ ವ್ಯಾಕ್ಯೂಮ್ ಹೊಡೆಯಬೇಕು. ಗಾಳಿ ತೆಗೆಯುವುದಷ್ಟೇ ಇದರ ಉದ್ದೇಶವಲ್ಲ, ಒತ್ತಡ ಇಳಿಸಿ ಒಳಗಿನ ನೀರನ್ನು ಕುದಿಸಿ ಆವಿಯಾಗಿಸುವುದು. ಐದು ನಿಮಿಷಕ್ಕೇ ಮುಳ್ಳು ಕೆಳಗಿಳಿದರೂ ನೀರು ಹೋಗಿರುವುದಿಲ್ಲ. ಇಲ್ಲಿ ಘಟ್ಟದ ಮೇಲಿನವರಿಗೆ ಒಂದು ಮಾತು. ಮಂಗಳೂರಿನಲ್ಲಿ ಒಳ್ಳೆಯ ಪಂಪು ಗೇಜಿನ ಮುಳ್ಳನ್ನು (ಪಾದರಸದ ಅಳತೆಯಲ್ಲಿ) 30 ಇಂಚಿನ ಹತ್ತಿರ ಒಯ್ಯುತ್ತದೆ. 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಕಡಿಮೆ, ಅದೇ ಪಂಪು 27ರ ಆಸುಪಾಸು ನಿಲ್ಲುತ್ತದೆ. ಪಂಪು ಕೆಟ್ಟಿದೆ ಎಂದೋ, ಲೀಕ್ ಇದೆ ಎಂದೋ ತಿಳಿದು ಒದ್ದಾಡುವುದು ಬೇಡ. ಪಂಪು ನಿಲ್ಲಿಸಿ, ವಾಲ್ವ್ ಮುಚ್ಚಿ 15 ನಿಮಿಷ ಮುಳ್ಳು ಕದಲದಿದ್ದರೆ ಮುಂದುವರಿಯಬಹುದು.

ಗ್ಯಾಸನ್ನು ಡಿಜಿಟಲ್ ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು. ಬಾನೆಟ್ ಒಳಗಿನ ಚೀಟಿಯಲ್ಲಿ ಗ್ಯಾಸಿನ ಬಗೆಯೂ ಗ್ರಾಂ ಲೆಕ್ಕವೂ ಇರುತ್ತದೆ. ಚೀಟಿ ಹರಿದಿದ್ದರೆ ಕೈಪಿಡಿ ನೋಡಿ, ಅಂದಾಜು ಬೇಡ. ಸಣ್ಣ ಕಾರಿಗೆ 50 ಗ್ರಾಂ ಹೆಚ್ಚುಕಡಿಮೆಯೂ ತಂಪಿನಲ್ಲಿ ಗೊತ್ತಾಗುತ್ತದೆ. ಎಂಜಿನ್ ಓಡುತ್ತಿರುವಾಗ ಹೈ ಸೈಡ್ ವಾಲ್ವ್ (ಒತ್ತಡ ಹೆಚ್ಚಿರುವ ಬದಿಯದು) ತೆರೆಯಲೇಬಾರದು, ಆ ಒತ್ತಡ ನೇರ ಡಬ್ಬಿಗೆ ನುಗ್ಗಿ ಡಬ್ಬಿ ಸಿಡಿಯುತ್ತದೆ. ಹೆಸರಿಲ್ಲದ ಅಗ್ಗದ ಡಬ್ಬಿಗಳನ್ನೂ, ಲೀಕ್ ಮುಚ್ಚುವ ದ್ರವಗಳನ್ನೂ ದೂರವಿಡಿ. ಉರಿಯುವ ಅನಿಲ ಬೆರೆತ ಗ್ಯಾಸ್ ಡ್ಯಾಶ್‌ಬೋರ್ಡ್ ಒಳಗೆ ಸೋರಿದರೆ ಕೂತವರ ಜೀವಕ್ಕೇ ಅಪಾಯ. ಲೀಕ್ ಮುಚ್ಚುವ ದ್ರವ ಎಕ್ಸ್‌ಪಾನ್ಷನ್ ವಾಲ್ವನ್ನೂ ಅಂಗಡಿಯ ಮೆಷಿನ್ನನ್ನೂ ಕಟ್ಟಿಸುತ್ತದೆ.

32-35 ಡಿಗ್ರಿ ಬಿಸಿಲಲ್ಲಿ ಎಂಜಿನ್ 1500 ಆರ್‌ಪಿಎಂ ಇರುವಾಗ ಲೋ ಸೈಡ್ 30ರಿಂದ 40, ಹೈ ಸೈಡ್ 200ರಿಂದ 250 ಪಿಎಸ್‌ಐ ಒಳಗಿದ್ದರೆ ಸಾಮಾನ್ಯವಾಗಿ ಸರಿ. ಸೆಕೆಗಾಲದ ಮಂಗಳೂರಿನಲ್ಲಿ ತಂಪಿನ ಒಂದು ಪಾಲು ಗಾಳಿಯ ಪಸೆ ಇಳಿಸುವುದಕ್ಕೇ ಹೋಗುತ್ತದೆ. ಹಾಗಾಗಿ ಒಣಹವೆಯ ಕಲಬುರಗಿಯ ಕಾರಿಗಿಂತ ಇಲ್ಲಿ ಗಾಳಿ ಒಂದೆರಡು ಡಿಗ್ರಿ ಬೆಚ್ಚಗೆ ಬಂದರೆ ಅದು ಕೆಲಸದ ದೋಷವಲ್ಲ.

ಬೆಸುಗೆ ಹಾಕಿಸಬಹುದೇ ಎಂದು ಕೇಳುವವರಿದ್ದಾರೆ. ಪಕ್ಕದ ದಪ್ಪ ಪೈಪಿನಲ್ಲಿ ತೂತಾಗಿದ್ದರೆ ಆರ್ಗಾನ್ ವೆಲ್ಡಿಂಗ್ ಹಿಡಿಯಬಹುದು. ನಡುವಿನ ತೆಳು ಕೊಳವೆಗಳಿಗೆ ಹಿಡಿಯುವುದಿಲ್ಲ. ಹಿಡಿದರೂ ಉಪ್ಪು ತಿಂದ ಪಕ್ಕದ ಸಾಲು ಮುಂದಿನ ತಿಂಗಳು ಸೋರುತ್ತದೆ. ಅಂಟಿನ ಮಾತಂತೂ ಬೇಡ.

ಗಾಳಿಗೆ ಬಿಟ್ಟ ಗ್ಯಾಸ್ ಎಲ್ಲಿಗೆ ಹೋಯಿತು ಎಂದು ಯಾರೂ ಕೇಳುವುದಿಲ್ಲ. ಆರ್-134ಎ ಭೂಮಿಯನ್ನು ಬಿಸಿ ಮಾಡುವುದು ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1,430 ಪಟ್ಟು. 450 ಗ್ರಾಂ ಬಿಟ್ಟರೆ 640 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು, ಅಂದರೆ ಸುಮಾರು 280 ಲೀಟರ್ ಪೆಟ್ರೋಲ್ ಸುಟ್ಟ ಹಾಗೆ. 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿದೆ. 2028ರಿಂದ ಇಂಥ ಅನಿಲಗಳ ಬಳಕೆಗೆ ಮಿತಿ ಬಿದ್ದು, 2032ರಿಂದ ಹಂತಹಂತವಾಗಿ ಇಳಿಯಲಿದೆ. ಹಳೆಯ ಕಾರುಗಳು ಆಗಲೂ ರಸ್ತೆಯಲ್ಲಿರುತ್ತವೆ, ಅವಕ್ಕೆ ಇದೇ ಗ್ಯಾಸ್ ಬೇಕಾಗುತ್ತದೆ. ಸಣ್ಣ ಅಂಗಡಿಗಳು ಗ್ಯಾಸ್ ಎಳೆದುಕೊಳ್ಳುವ ಮೆಷಿನ್ ಕೊಳ್ಳಲು ಸಾರಿಗೆ ಮತ್ತು ಕೌಶಲಾಭಿವೃದ್ಧಿ ಇಲಾಖೆಗಳು ಸಾಲ, ಸಹಾಯಧನದ ದಾರಿ ಮಾಡಬೇಕು. ಐಟಿಐ ಮೋಟಾರ್ ಮೆಕ್ಯಾನಿಕ್ ವಿದ್ಯಾರ್ಥಿಗಳು ಅದನ್ನು ಕೈಯಾರೆ ಬಳಸಿ ಕಲಿತು ಹೊರಬರಬೇಕು.

ಕಾರು ಮಾಲೀಕರು ಬಿಲ್ಲಿನಲ್ಲಿ ನಾಲ್ಕು ವಿಷಯ ಬರೆಸಿಕೊಳ್ಳಲಿ: ಲೀಕ್ ಸಿಕ್ಕ ಜಾಗ, ಹಾಕಿದ ಆಯಿಲಿನ ಮಿ.ಲೀ., ವ್ಯಾಕ್ಯೂಮ್ ಹೊಡೆದ ನಿಮಿಷ, ತುಂಬಿದ ಗ್ಯಾಸಿನ ಗ್ರಾಂ. ಬಿಚ್ಚಿದ ಹಳೆಯ ಕಂಡೆನ್ಸರನ್ನು ಕೇಳಿ ನೋಡಲಿ. ಹೊರಡುವ ಮೊದಲು ಎರಡೂ ವಾಲ್ವುಗಳ ಮೇಲೆ ಮುಚ್ಚಳ ಇದೆಯೇ ಎಂದು ಬಾನೆಟ್ ಎತ್ತಿ ಖಾತ್ರಿ ಮಾಡಿಕೊಳ್ಳಲಿ. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಓಡಿಸಿದರೆ ಕಂಪ್ರೆಸರ್ ಸೀಲಿಗೆ ಎಣ್ಣೆ ತಾಗುತ್ತಿರುತ್ತದೆ.

ಇಂತಿ,
ಕಾರು ಎ.ಸಿ. ಮೆಕ್ಯಾನಿಕ್,
ಮಂಗಳೂರು