ಫ್ರೇಮ್‌ವರ್ಕ್ ಕೈ ಬದಲಾದಾಗ

ಎಲ್ಲರಿಗೂ ನಮಸ್ಕಾರ. ಯಾವುದೋ ಕಂಪನಿಯ ಫ್ರೇಮ್‌ವರ್ಕ್ (ಆ್ಯಪ್ ಕಟ್ಟಲು ಬಳಸುವ ಸಿದ್ಧ ಕೋಡಿನ ಚೌಕಟ್ಟು) ಓಪನ್ ಸೋರ್ಸ್ ಸಂಸ್ಥೆಯ, ಅಂದರೆ ಕೋಡನ್ನು ಎಲ್ಲರಿಗೂ ತೆರೆದಿಡುವ ಸಂಸ್ಥೆಯ ಪಾಲಾದರೆ ನಮ್ಮ ಕೋಡ್ ಗತಿಯೇನು ಅಂತ ಕೆಲವರು ಕೇಳುತ್ತಿದ್ದೀರಿ. ವೆಬ್ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್ ಆಗಿದ್ದ ಅಡೋಬಿ ಫ್ಲೆಕ್ಸ್ ಕಥೆ ನೋಡಿ.

2004ರಲ್ಲಿ ಮ್ಯಾಕ್ರೋಮೀಡಿಯಾ ಕಂಪನಿ ಅದನ್ನು ದುಡ್ಡಿಗೆ ಮಾರುತ್ತಿತ್ತು. ಆಮೇಲೆ ಅಡೋಬಿ ಕೈಗೆ ಬಂತು. 2008ರಲ್ಲಿ ಅದರ ಎಸ್‌ಡಿಕೆ (ಆ್ಯಪ್ ಬರೆಯಲು ಬೇಕಾದ ಸಲಕರಣೆಗಳ ಕಟ್ಟು) ಓಪನ್ ಸೋರ್ಸ್ ಆಯಿತು, ಆದರೆ ಲಗಾಮು ಕಂಪನಿಯ ಕೈಯಲ್ಲೇ ಇತ್ತು. 2011ರ ಕೊನೆಗೆ ಅದನ್ನು ಓಪನ್ ಸೋರ್ಸ್ ಸಂಸ್ಥೆಯಾದ ಅಪಾಚೆ ಫೌಂಡೇಶನ್‌ಗೆ ಒಪ್ಪಿಸಿದರು. ನನ್ನ ಪ್ರಕಾರ ನಿಜವಾದ ಹಸ್ತಾಂತರ ಇದೇ. ಅಲ್ಲಿ ಕೆಲಸ ಮಾಡುವವರೇ ಮತ ಹಾಕಿ ತೀರ್ಮಾನಿಸುತ್ತಾರೆ.

ಆದರೆ ಫ್ಲೆಕ್ಸ್ ಆ್ಯಪ್‌ಗಳು ಬ್ರೌಸರ್‌ನಲ್ಲಿ ಓಡಲು ಬೇಕಿದ್ದ ಫ್ಲ್ಯಾಶ್ ಪ್ಲೇಯರ್ ಜೊತೆಗೆ ಬರಲಿಲ್ಲ, ಅಡೋಬಿ ಕೈಯಲ್ಲೇ ಉಳಿಯಿತು. ಮನೆ ಬರೆದುಕೊಟ್ಟು ಬಾವಿ ಇಟ್ಟುಕೊಂಡ ಹಾಗೆ, ಅಲ್ವಾ? 2020ರ ಡಿಸೆಂಬರ್ 31ಕ್ಕೆ ಅಡೋಬಿ ಅದರ ಬೆಂಬಲವನ್ನೇ ನಿಲ್ಲಿಸಿತು. ಅಷ್ಟರೊಳಗೆ ಅಪಾಚೆಯಲ್ಲೇ ರೊಯಾಲ್ (Royale) ಪ್ರಾಜೆಕ್ಟ್ ಶುರುವಾಗಿತ್ತು. ಫ್ಲೆಕ್ಸ್ ಶೈಲಿಯ ಕೋಡನ್ನು ಅದು ಫ್ಲ್ಯಾಶ್ ಇಲ್ಲದೆಯೇ ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಮಾಡಿಕೊಡುತ್ತದೆ. ಹಳೇ ಕೋಡ್ ಪೂರ್ತಿ ಬಿಸಾಡಬೇಕಾಗಿಲ್ಲ, ತಿದ್ದುವ ಕೆಲಸ ಮಾತ್ರ ಜಾಸ್ತಿ.

ನೀವು ಬಳಸುವ ಫ್ರೇಮ್‌ವರ್ಕ್ ಬಗ್ಗೆ ಇಂಥ ಸುದ್ದಿ ಬಂದರೆ ಸುಮ್ನೆ ಗಾಬರಿಯಾಗಬೇಡಿ. ಲೈಸೆನ್ಸ್ ಓದಿ. ಟ್ರೇಡ್‌ಮಾರ್ಕ್ ಯಾರ ಹೆಸರಿನಲ್ಲಿದೆ, ಅದು ಓಡಲು ಬೇಕಾದ ಸಾಫ್ಟ್‌ವೇರ್ ಯಾರದು, ಹೊರಗಿನವರೂ ಕೋಡ್ ಬರೆಯುತ್ತಿದ್ದಾರಾ ಅಂತ ನೋಡಿ. ಕಂಡದ್ದನ್ನು ಇಲ್ಲೇ ಹಾಕಿ.