ಆ ಗೆರೆ ಸಪಾಟಾಗಿರಬೇಕಿತ್ತು

ಕಳೆದ ವಾರ ನನ್ನ ಪಿಎಚ್.ಡಿ. ವೈವಾ ಮುಗಿಯಿತು. ನಕ್ಷತ್ರಗಳ ಕಾಂತಕ್ಷೇತ್ರದ ಬೆನ್ನು ಹತ್ತಿ ಐದು ವರ್ಷ ಕಳೆದಿದ್ದೇನೆ. ಪ್ರಬಂಧದ ಕೃತಜ್ಞತಾ ಪುಟ ನನಗೆ ಸಾಲಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈ ಹುಚ್ಚು ಹತ್ತಿದ್ದು ಎಂ.ಎಸ್ಸಿ. ಓದುವಾಗ. ಬೆಳಕು ಸೂಸುವ ಜ್ವಾಲೆಯನ್ನು ಕಾಂತಕ್ಷೇತ್ರದಲ್ಲಿಟ್ಟರೆ ಅದರ ರೋಹಿತದ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ ಪಟ್ಟಿಯ) ಗೆರೆ ಅಗಲವಾಗುವುದನ್ನು 1896ರಲ್ಲಿ ಜೀಮನ್ ಕಂಡರು. 1908ರಲ್ಲಿ ಹೇಲ್ ಅದೇ ಪರಿಣಾಮವನ್ನು ಸೂರ್ಯನ ಕಲೆಗಳಲ್ಲಿ ಗುರುತಿಸಿದರು. 1947ರಲ್ಲಿ ಬ್ಯಾಬ್‌ಕಾಕ್ 78 ವರ್ಜಿನಿಸ್ ನಕ್ಷತ್ರದಲ್ಲೂ ಕಾಂತಕ್ಷೇತ್ರ ಪತ್ತೆಹಚ್ಚಿದರು. ಯಾರೂ ಹೋಗಿ ಮುಟ್ಟಲಾಗದ ಕಡೆಯ ಕಾಂತತ್ವವನ್ನು ಬರೀ ಬೆಳಕಿನಿಂದ ಅಳೆಯುವುದು! ಅದನ್ನು ಪಾಠ ಮಾಡಿದ ಮೇಡಂ, ನಾನು ಚಿತ್ರ ಬರೆದುಕೊಳ್ಳುವವರೆಗೂ ಬೋರ್ಡ್ ಒರೆಸದೆ ಕಾದಿದ್ದರು. ಮೇಡಂ, ನಿಮಗೆ ಮೊದಲ ನಮಸ್ಕಾರ.

ಮೂರನೇ ವರ್ಷ ಒಂದು ಬಿಸಿ ನಕ್ಷತ್ರದಲ್ಲಿ ಸಂಕೇತ ಸಿಕ್ಕಿತು ಎಂದುಕೊಂಡೆ. ಇಂಥ ನಕ್ಷತ್ರಗಳಲ್ಲಿ ನೂರಕ್ಕೆ ಸುಮಾರು ಹತ್ತರಲ್ಲಿ ಮಾತ್ರ ಬಲವಾದ ಕಾಂತಕ್ಷೇತ್ರ ಕಾಣುತ್ತದೆ, ಹಾಗಾಗಿ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಆರು ತಿಂಗಳು ಕೂತು ಬರೆದ ಪೇಪರಿನ ಕರಡನ್ನು ಗೈಡ್ ಮುಂದಿಟ್ಟೆ. ಸರ್ ಓದಲಿಲ್ಲ. ‘ನಲ್ ತೋರಿಸಮ್ಮ’ ಎಂದರು.

ನಾಲ್ಕು ಎಕ್ಸ್‌ಪೋಷರ್‌ಗಳನ್ನು, ಕಾಂತಕ್ಷೇತ್ರ ನಕ್ಷತ್ರದ ಬೆಳಕಿನಲ್ಲಿ ಮೂಡಿಸುವ ನಿಜವಾದ ಧ್ರುವೀಕರಣ (ಬೆಳಕಿನ ಅಲೆಗಳ ಕಂಪನ ಒಂದು ನಿಶ್ಚಿತ ಬಗೆಯಲ್ಲಿರುವುದು) ಪೂರ್ತಿ ವಜಾ ಆಗುವಂತೆ ಸೇರಿಸಿದಾಗ ಉಳಿಯುವ ಗೆರೆಯೇ ನಲ್. ಸಪಾಟಾಗಿರಬೇಕು. ನನ್ನದರಲ್ಲಿ ನಟ್ಟನಡುವೆ ಒಂದು ಉಬ್ಬು, ಪಕ್ಕದಲ್ಲೇ ಒಂದು ತಗ್ಗು. ನಕ್ಷತ್ರ ಮಿಡಿಯುತ್ತಿತ್ತು. ಒಂದು ಎಕ್ಸ್‌ಪೋಷರ್‌ನಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ರೋಹಿತದ ಗೆರೆಯೇ ಸರಿದಿತ್ತು, ಆ ಸರಿದಾಟವನ್ನೇ ನಾನು ಕಾಂತಕ್ಷೇತ್ರ ಎಂದು ನಂಬಿದ್ದೆ. ನಲ್ ಅನ್ನು ನಾನೇ ಮೊದಲು ನೋಡಬೇಕಿತ್ತು, ನೋಡಿರಲಿಲ್ಲ. ಸರ್ ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಎಲ್ಲ ರಾತ್ರಿಗಳ ಡೇಟಾವನ್ನೂ ಮೊದಲಿಂದ ತೆಗೆದರು. ಆ ಸಂಜೆಯ ಋಣ ನಾನು ತೀರಿಸಲಾರೆ.

ಬಿಡಬೇಕು ಎಂದು ಅತ್ತ ದಿನಗಳಲ್ಲಿ ನನ್ನ ಕೋಡನ್ನು ಸಾಲು ಸಾಲಾಗಿ ಓದಿದ ಗೆಳತಿಗೆ, ಮೋಡ ಸರಿಯುತ್ತದೇನೋ ಎಂದು ನನ್ನ ಜೊತೆ ಬೆಳಗಿನವರೆಗೆ ಎದ್ದಿದ್ದ ದೂರದರ್ಶಕದ ಆಪರೇಟರ್‌ಗಳಿಗೆ, ತಮ್ಮ ಹಳೆಯ ರೋಹಿತಗಳನ್ನು ಎಲ್ಲರಿಗೂ ತೆರೆದಿಟ್ಟ ಅಪರಿಚಿತರಿಗೆ, ‘ಯಾವಾಗ ಮುಗಿಯುತ್ತೆ’ ಎಂದು ಒಮ್ಮೆಯೂ ಕೇಳದ ಅಮ್ಮನಿಗೆ ಕೈಮುಗಿಯುತ್ತೇನೆ.

ಮರುವರ್ಷ ಬೇರೊಂದು ನಕ್ಷತ್ರದಲ್ಲಿ ಸಂಕೇತ ಬಂತು. ಅದನ್ನು ಸರಿಯಾಗಿ ನೋಡುವ ಮೊದಲೇ ನಲ್ ತೆರೆದೆ. ಸಪಾಟಾಗಿತ್ತು. ರಾತ್ರಿ ಎರಡು ಗಂಟೆ. ಸರ್‌ಗೆ ಫೋನ್ ಮಾಡಿದೆ, ಎತ್ತಿದರು.